ನಿಮಗಿದು ಗೊತ್ತೇ? ಬಿಪಿ ಬರುವುದು ರಕ್ತದಲ್ಲಲ್ಲ, ಮೂತ್ರಪಿಂಡದಲ್ಲಿ!

"ನಮ್ಮ ಮನೇಲಿ ಎಲ್ಲರಿಗೂ ಬಿಪಿ. ರಕ್ತದಲ್ಲೇ ಬಂದಿದೆ ಬಿಡಿ." ಮದುವೆ ಮನೆಯ ಎಲೆಯ ಮುಂದೆ ಕೂತು, ಎರಡನೇ ಸಲ ಉಪ್ಪಿನಕಾಯಿ ಹಾಕಿಸಿಕೊಳ್ಳುತ್ತಾ ಹೀಗೆನ್ನುವ ಚಿಕ್ಕಪ್ಪ ಎಲ್ಲರ ಮನೆಯಲ್ಲೂ ಒಬ್ಬರಿರುತ್ತಾರೆ. ಮಾತು ಅರ್ಧ ನಿಜ. ವಂಶದಲ್ಲಿ ಬಂದಿರಬಹುದು, ಆದರೆ ಬಂದ ದಾರಿ ಬೇರೆ. ಈ ಸಲದ ಅಂಕಣ ಆ ದಾರಿಯ ಬಗ್ಗೆ. ಅದೂ ಚಿಕ್ಕಪ್ಪನ ಬಿಪಿ ಬಗ್ಗೆ ಅಲ್ಲ, ಪಕ್ಕದಲ್ಲಿ ಕೂತು ಹಪ್ಪಳ ಮುರಿಯುತ್ತಿರುವ ಹುಡುಗನ ಬಿಪಿ ಬಗ್ಗೆ.

◆ ಮಕ್ಕಳಿಗೂ ಬಿಪಿ ಬರುತ್ತದೆಯೇ? ಬರುತ್ತದೆ. ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು 2019ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ನೂರು ಮಕ್ಕಳಲ್ಲಿ ಸುಮಾರು ನಾಲ್ವರಿಗೆ ರಕ್ತದೊತ್ತಡ ಹೆಚ್ಚಿತ್ತು. ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ಒಬ್ಬರೋ ಇಬ್ಬರೋ ಎಂದಾಯಿತು. ಬಹುಪಾಲು ಮಕ್ಕಳಿಗೆ ತಲೆನೋವೂ ಇಲ್ಲ, ತಲೆಸುತ್ತೂ ಇಲ್ಲ. ಅಳೆಯದೆ ಗೊತ್ತಾಗುವುದಿಲ್ಲ.

◆ 120/80 ಎಂಬ ಮಂತ್ರ ಎಂಟು ವರ್ಷದ ಮಗುವಿಗೆ ನಡೆಯುವುದಿಲ್ಲ. ಹುಟ್ಟಿದಾಗ ಮೇಲಿನ ಅಂಕಿ 70ರ ಆಸುಪಾಸಿನಲ್ಲಿರುತ್ತದೆ, ಬೆಳೆಯುತ್ತಾ ಏರುತ್ತದೆ. ಹಾಗಾಗಿ 13 ವರ್ಷದೊಳಗಿನವರಿಗೆ ವಯಸ್ಸು, ಎತ್ತರ, ಹೆಣ್ಣೋ ಗಂಡೋ ಎಂಬುದನ್ನು ನೋಡಿ ಕೋಷ್ಟಕದಲ್ಲಿ ಹುಡುಕಬೇಕು. ಅದೇ ವಯಸ್ಸಿನ, ಅದೇ ಎತ್ತರದ ನೂರು ಮಕ್ಕಳನ್ನು ಒತ್ತಡದ ಪ್ರಕಾರ ಸಾಲಾಗಿ ನಿಲ್ಲಿಸಿದರೆ 95ನೆಯವರ ಜಾಗದಲ್ಲೋ ಅದರಾಚೆಗೋ ನಿಲ್ಲುವವರದ್ದು ಹೆಚ್ಚು ಎಂದು ಲೆಕ್ಕ. 13 ದಾಟಿದವರಿಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2017ರಲ್ಲಿ ಸಲೀಸು ಮಾಡಿಕೊಟ್ಟಿತು: 130/80 ಮುಟ್ಟಿದರೆ ಅಧಿಕ ರಕ್ತದೊತ್ತಡ. ಅದೂ ಒಂದೇ ಸಲ ನೋಡಿ ತೀರ್ಮಾನಿಸುವಂತಿಲ್ಲ, ಬೇರೆ ಬೇರೆ ದಿನ ಮೂರು ಸಲ ಹೆಚ್ಚಿರಬೇಕು.

◆ ರಕ್ತದೊತ್ತಡವನ್ನು ಮೊದಲು ಅಳೆದವರು ವೈದ್ಯರಲ್ಲ, ಪಾದ್ರಿ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಒಂದು ಹೆಣ್ಣು ಕುದುರೆಯನ್ನು ಮಲಗಿಸಿ ಕಟ್ಟಿ, ತೊಡೆಯ ಅಪಧಮನಿಗೆ ಹಿತ್ತಾಳೆಯ ಕೊಳವೆ ತೂರಿಸಿದರು. ಅದಕ್ಕೆ ಒಂಬತ್ತು ಅಡಿಯ ಗಾಜಿನ ಕೊಳವೆ ಜೋಡಿಸಬೇಕಲ್ಲ? ಆಗ ರಬ್ಬರ್ ನಳಿಕೆ ಎಲ್ಲಿತ್ತು! ಇನ್ನೊಂದು ಹಿತ್ತಾಳೆಯ ಕೊಳವೆ ಬಳಸಿದರು, ಮುಂದಿನ ಪ್ರಯೋಗವೊಂದರಲ್ಲಿ ಬಾತುಕೋಳಿ ಜಾತಿಯ ಹೆಬ್ಬಾತಿನ ಶ್ವಾಸನಾಳವನ್ನೇ! ಈ ಮೊದಲ ಸಲ ಅಪಧಮನಿಯ ಕಟ್ಟು ಬಿಚ್ಚಿದೊಡನೆ ರಕ್ತ ಎಂಟು ಅಡಿ ಮೂರು ಅಂಗುಲ ಏರಿ ನಿಂತು, ಎದೆಬಡಿತಕ್ಕೆ ತಕ್ಕಂತೆ ಮೇಲೆ ಕೆಳಗೆ ಆಡುತ್ತಿತ್ತು. 1733ರಲ್ಲಿ ಇದನ್ನು ಪ್ರಕಟಿಸಿದರು. ನಮ್ಮ ನಿಮ್ಮ 120ಕ್ಕೆ ಆ ಕೊಳವೆ ಇಟ್ಟರೆ ರಕ್ತ ಸುಮಾರು ಐದು ಅಡಿ ಏರುತ್ತದೆ. ಪಾದರಸ ಬಂದದ್ದೇ ಕೊಳವೆ ಗಿಡ್ಡ ಮಾಡಲಿಕ್ಕೆ, ಅದು ನೀರಿಗಿಂತ ಹದಿಮೂರೂವರೆ ಪಟ್ಟು ಭಾರ.

◆ ತೋಳಿಗೆ ಸುತ್ತುವ ಪಟ್ಟಿಯನ್ನು ತಂದವರು ಇಟಲಿಯ ರೀವಾ-ರೋಚ್ಚಿ, 1896ರಲ್ಲಿ. ಸೈಕಲ್ ಟ್ಯೂಬಿನಿಂದ ಮಾಡಿದ ಆ ಪಟ್ಟಿಯ ಅಗಲ ಬರೀ 5 ಸೆಂ.ಮೀ. ಕಿರಿದಾದ ಪಟ್ಟಿ ಇಲ್ಲದ ಒತ್ತಡವನ್ನು ತೋರಿಸುತ್ತದೆ ಎಂಬುದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು, ಪಟ್ಟಿ ಅಗಲವಾಯಿತು. ಗೊತ್ತಾಗಿ ನೂರಿಪ್ಪತ್ತು ವರ್ಷ ದಾಟಿದರೂ ನಾವು ಕಲಿತಿಲ್ಲ. ನನ್ನ ಅಕ್ಕನ ಮಗ ಹದಿಮೂರರವನು, ಮೈಕೈ ತುಂಬಿದ ಹುಡುಗ. ಒಂದು ಕ್ಲಿನಿಕ್ಕಿನಲ್ಲಿ ಅವನ ತೋಳಿಗೆ ಸಣ್ಣ ಪಟ್ಟಿ ಸುತ್ತಿದರು. ಗಾಳಿ ತುಂಬಿದ ಹಾಗೆ ಅಂಟುಪಟ್ಟಿ ಪರ್‌ ಎಂದು ಬಿಚ್ಚಿಕೊಳ್ಳುತ್ತಿತ್ತು, ದಾದಿ ಅದನ್ನು ಅಂಗೈಯಲ್ಲಿ ಒತ್ತಿ ಹಿಡಿದೇ ಅಳೆದರು. 142! ಅಕ್ಕನ ಮುಖ ಬಿಳಿಚಿಕೊಂಡಿತು. ವಾರದ ನಂತರ ಇನ್ನೊಂದು ಕಡೆ, ಐದು ನಿಮಿಷ ಸುಮ್ಮನೆ ಕೂರಿಸಿ, ದೊಡ್ಡ ಪಟ್ಟಿ ಸುತ್ತಿದಾಗ 118. ಇದರ ತಿರುಗುಮುರುಗೂ ಉಂಟು. ಬಡಕಲು ಮಗುವಿಗೆ ದೊಡ್ಡವರ ಪಟ್ಟಿ ಸುತ್ತಿದರೆ ಇರುವ ಬಿಪಿ ಅಡಗಿ ಕೂರುತ್ತದೆ. ಅದು ಇನ್ನೂ ಅಪಾಯ.

◆ ಬಿಪಿ ವಂಶದಲ್ಲಿ ಹೇಗೆ ಬರುತ್ತದೆ ಎಂಬುದರ ಮೇಲೆ ಇಂಗ್ಲೆಂಡಿನಲ್ಲಿ ದೊಡ್ಡ ಜಗಳವೇ ನಡೆದಿದೆ. ರಾಬರ್ಟ್ ಪ್ಲಾಟ್ ಎಂಬ ವೈದ್ಯರು "ಒಂದೇ ವಂಶವಾಹಿಯ ಕೆಲಸ, ಇದ್ದವರಿಗೆ ಉಂಟು, ಇಲ್ಲದವರಿಗೆ ಇಲ್ಲ" ಎಂದರು. ಜಾರ್ಜ್ ಪಿಕರಿಂಗ್ "ಅಲ್ಲ, ಇದು ಎತ್ತರದ ಹಾಗೆ, ಹತ್ತಾರು ವಂಶವಾಹಿಗಳ ಕೂಡಿಕೆ, ಕುಳ್ಳ-ಉದ್ದ ಎಂದು ಎರಡೇ ಜಾತಿ ಇದೆಯೇ?" ಎಂದು ಕೇಳಿದರು. 1950ರ ದಶಕದುದ್ದಕ್ಕೂ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಬ್ಬರೂ ಕಿತ್ತಾಡಿದರು. ಗೆದ್ದದ್ದು ಪಿಕರಿಂಗ್. ಪ್ಲಾಟ್ ಪೂರ್ತಿ ಸೋಲಲಿಲ್ಲ, ಅದನ್ನು ಮುಂದೆ ನೋಡೋಣ.

◆ ಒಂದೇ ಅಡುಗೆಮನೆ, ಒಂದೇ ಉಪ್ಪಿನ ಡಬ್ಬಿ. ಹಾಗಿದ್ದಾಗ ಅಪ್ಪ-ಮಗನ ಬಿಪಿ ಹೋಲುವುದು ವಂಶದಿಂದಲೋ ಊಟದಿಂದಲೋ? ಇದನ್ನು ಬಿಡಿಸಲು ಕೆನಡಾದ ಮಾಂಟ್ರಿಯಲ್‌ನಲ್ಲಿ 1970ರ ದಶಕದಲ್ಲಿ ದತ್ತು ಮಕ್ಕಳನ್ನು ಹಿಡಿದರು. ಹೆತ್ತ ಮಕ್ಕಳ ಒತ್ತಡ ತಂದೆತಾಯಿಯದನ್ನು ಹೋಲಿತು. ಅದೇ ಮನೆಯಲ್ಲಿ ಅದೇ ಊಟ ಉಂಡು ಬೆಳೆದ ದತ್ತು ಮಕ್ಕಳದು ಸಾಕಿದವರನ್ನು ಅಷ್ಟಾಗಿ ಹೋಲಲಿಲ್ಲ.

◆ ತದ್ರೂಪಿ ಅವಳಿಗಳನ್ನೂ ಸಾಮಾನ್ಯ ಅವಳಿಗಳನ್ನೂ ಹೋಲಿಸಿ ಲೆಕ್ಕ ಹಾಕಿದಾಗ, ಬಿಪಿಯ ಏರುಪೇರಿನಲ್ಲಿ ವಂಶವಾಹಿಗಳ ಪಾಲು ಹೆಚ್ಚುಕಡಿಮೆ ಅರ್ಧ ಎಂದು ಬರುತ್ತದೆ. ಮಕ್ಕಳಲ್ಲೂ ಅಷ್ಟೇ. ಇದನ್ನು ತಪ್ಪು ತಿಳಿಯುವವರೇ ಹೆಚ್ಚು. ನಿಮ್ಮ ಮಗಳ 120ರಲ್ಲಿ 60 ಅಪ್ಪನದು, ಉಳಿದ 60 ಚಿಪ್ಸಿನದು ಎಂದಲ್ಲ. ಊರಿನ ಮಕ್ಕಳೆಲ್ಲ ಒಬ್ಬರಿಗಿಂತ ಒಬ್ಬರು ಬೇರೆಯಾಗಿದ್ದಾರಲ್ಲ, ಆ ವ್ಯತ್ಯಾಸದಲ್ಲಿ ಅರ್ಧಕ್ಕೆ ವಂಶ ಕಾರಣ ಎಂದಷ್ಟೇ. ಒಬ್ಬ ಮಗುವಿನ ಬಗ್ಗೆ ಈ ಸಂಖ್ಯೆ ಏನನ್ನೂ ಹೇಳುವುದಿಲ್ಲ.

◆ ಈಗ ಮೂಲಕ್ಕೆ ಬರೋಣ. ದೊಡ್ಡವರೊಬ್ಬರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರ ಜೊತೆ ಸುಮಾರು ಒಂದೂವರೆ ಕಿಲೋ ಉಪ್ಪು ಹೊರಗೆ ಬರುತ್ತದೆ! ದಿನಸಿ ಅಂಗಡಿಯ ಒಂದು ಪ್ಯಾಕೆಟ್, ಮೇಲೆ ಅರ್ಧ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಭಾಗಕ್ಕಿಂತ ಹೆಚ್ಚನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತವೆ. ಈ ಎಳೆದುಕೊಳ್ಳುವ ನಲ್ಲಿ ಕೂದಲೆಳೆಯಷ್ಟು ಸಡಿಲವಾದರೂ ಉಪ್ಪು ಮೈಯಲ್ಲಿ ನಿಲ್ಲುತ್ತದೆ, ಉಪ್ಪಿನ ಹಿಂದೆ ನೀರು, ನೀರಿನ ಹಿಂದೆ ಒತ್ತಡ. ಬಿಪಿ ಏರಿಸುವ ಒಂಟಿ ವಂಶವಾಹಿ ದೋಷಗಳನ್ನು ಒಂದೊಂದಾಗಿ ಪತ್ತೆ ಹಚ್ಚುತ್ತಾ ಹೋದ ಅಮೆರಿಕದ ರಿಚರ್ಡ್ ಲಿಫ್ಟನ್‌ಗೆ ಎದುರಾದದ್ದು ಮತ್ತೆ ಮತ್ತೆ ಈ ನಲ್ಲಿಯೇ. ದೋಷ ಕೆಲವೊಮ್ಮೆ ನಲ್ಲಿಯಲ್ಲಿ, ಕೆಲವೊಮ್ಮೆ ಅದನ್ನು ತಿರುಗಿಸುವ ಹಾರ್ಮೋನಿನಲ್ಲಿ.

◆ ನಂಬಿಕೆ ಬರದಿದ್ದರೆ ಇಲಿಗಳನ್ನು ಕೇಳಿ. ಉಪ್ಪು ತಿಂದರೆ ಬಿಪಿ ಏರುವ ಇಲಿಗಳ ಒಂದು ವಂಶ, ಏರದ ಇಲಿಗಳ ಇನ್ನೊಂದು ವಂಶ, ಎರಡನ್ನೂ ಲೂಯಿಸ್ ಡಾಲ್ ಎಂಬ ಅಮೆರಿಕದ ವಿಜ್ಞಾನಿ ಬೆಳೆಸಿದರು. 1970ರ ದಶಕದಲ್ಲಿ ಅವುಗಳ ಮೂತ್ರಪಿಂಡಗಳನ್ನು ಅದಲುಬದಲು ಕಸಿ ಮಾಡಿದರು. ಬಿಪಿ ಮೂತ್ರಪಿಂಡದ ಜೊತೆಗೇ ಹೋಯಿತು! 1983ರಲ್ಲಿ ಮನುಷ್ಯರಲ್ಲೂ ಅದೇ ಕಂಡಿತು. ಬಿಪಿಯಿಂದ ಮೂತ್ರಪಿಂಡ ಹಾಳಾಗಿದ್ದ ಆರು ಜನರಿಗೆ ಬಿಪಿ ಇಲ್ಲದವರ ಮೂತ್ರಪಿಂಡ ಕಸಿ ಮಾಡಿದಾಗ, ವರ್ಷಗಳ ನಂತರವೂ ಆರೂ ಜನರ ಒತ್ತಡ ಸಹಜವಾಗಿತ್ತು. ರಕ್ತ ಅವರದೇ. ಬದಲಾದದ್ದು ಪಿಂಡ.

◆ ಪ್ಲಾಟ್ ಪೂರ್ತಿ ಸೋಲಲಿಲ್ಲ ಎಂದೆನಲ್ಲ, ಒಂದೇ ವಂಶವಾಹಿಯಿಂದ ಬರುವ ಬಿಪಿಯೂ ಇದೆ. ಅಪರೂಪ, ಆದರೆ ಬಂದರೆ ಎಳೆಯ ವಯಸ್ಸಿನಲ್ಲೇ. 1963ರಲ್ಲಿ ಗ್ರಾಂಟ್ ಲಿಡ್ಲ್ ಎಂಬ ವೈದ್ಯರು ಹದಿಹರೆಯದ ಹುಡುಗಿಯೊಬ್ಬಳ ವಿಚಿತ್ರ ಬಿಪಿಯನ್ನು ವರದಿ ಮಾಡಿದರು. ಒತ್ತಡ ತೀರಾ ಹೆಚ್ಚು, ಪೊಟ್ಯಾಶಿಯಂ ಕಡಿಮೆ, ಒಡಹುಟ್ಟಿದವರಿಗೂ ಅದೇ. ಉಪ್ಪು ಹಿಡಿದಿಡುವ ಆಲ್ಡೋಸ್ಟೀರೋನ್ ಹಾರ್ಮೋನ್ ಹೆಚ್ಚಿರಬೇಕು ಎಂದು ನೋಡಿದರೆ ಅದು ಇಲ್ಲವೆನ್ನುವಷ್ಟು ಕಡಿಮೆ! ಉತ್ತರ ಸಿಕ್ಕಿದ್ದು 1994ರಲ್ಲಿ. ಮೂತ್ರಪಿಂಡದ ಕೋಶದ ಮೇಲಿರುವ ಸೋಡಿಯಂ ಬಾಗಿಲುಗಳನ್ನು ಹಳತಾದ ಮೇಲೆ ಕಿತ್ತು ಒಳಗೆಳೆಯಲು ಒಂದು ಗುರುತಿನ ಚೀಟಿ ಇರುತ್ತದೆ. ಈ ಮನೆತನದವರಲ್ಲಿ ಆ ಚೀಟಿಯೇ ಹರಿದುಹೋಗಿತ್ತು. ಬಾಗಿಲು ಹಾಕುವವರಿಲ್ಲದೆ ಹಗಲೂ ರಾತ್ರಿ ಉಪ್ಪು ಒಳಗೆ. ಸಾಮಾನ್ಯ ಬಿಪಿ ಮಾತ್ರೆಗಳಿಗೆ ಸರಿಯಾಗಿ ಬಗ್ಗದ ಇದು, ಆ ಬಾಗಿಲನ್ನೇ ಮುಚ್ಚುವ ಅಮಿಲೋರೈಡ್ ಎಂಬ ಹಳೆಯ ಮಾತ್ರೆಗೆ ಬಗ್ಗುತ್ತದೆ. ಆ ಹುಡುಗಿ? ದೊಡ್ಡವಳಾದ ಮೇಲೆ ಮೂತ್ರಪಿಂಡ ಕೈಕೊಟ್ಟು 1989ರಲ್ಲಿ ಕಸಿ ಆಯಿತು. ಹೊಸ ಪಿಂಡ ಬಂದದ್ದೇ, ಹುಟ್ಟಿನಿಂದ ಬಂದ ಬಿಪಿ ಹೋಯಿತು.

◆ ಎಂಟನೆಯ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿ ಎರಡು ವಂಶವಾಹಿಗಳಿವೆ, ಶೇ. 95ರಷ್ಟು ಒಂದೇ ರೂಪ. ಒಂದು ಒತ್ತಡ-ಗಾಬರಿಯ ಹಾರ್ಮೋನ್ ಕಾರ್ಟಿಸೋಲ್‌ಗೆ, ಇನ್ನೊಂದು ಉಪ್ಪಿನ ಹಾರ್ಮೋನ್‌ಗೆ. ಕೆಲವು ಮನೆತನಗಳಲ್ಲಿ ಇವೆರಡೂ ತಪ್ಪಿ ಬೆಸೆದುಕೊಂಡಿವೆ, ಒಂದರ ತಲೆ, ಇನ್ನೊಂದರ ಮುಂಡ. ಆಗ ಗಾಬರಿಯ ಸ್ವಿಚ್ ಒತ್ತಿದರೆ ಉಪ್ಪಿನ ದೀಪ ಹತ್ತುತ್ತದೆ. 1966ರಲ್ಲಿ ಕೆನಡಾದ ಒಬ್ಬ ತಂದೆ ಮತ್ತು ಮಗನಲ್ಲಿ ಮೊದಲು ಕಂಡ ಈ ಕಾಯಿಲೆಯ ಬೆಸುಗೆಯನ್ನು 1992ರಲ್ಲಿ ಲಿಫ್ಟನ್ ತಂಡ ಬಿಡಿಸಿತು. ಮದ್ದು? ಬಿಪಿ ಏರಿಸುತ್ತದೆ ಎಂದು ನಾವೆಲ್ಲ ಹೆದರುವ ಸ್ಟೀರಾಯ್ಡ್, ಅತಿ ಸಣ್ಣ ಪ್ರಮಾಣದಲ್ಲಿ. ಇಂಥ ಮನೆಗಳಲ್ಲಿ ಚಿಕ್ಕ ವಯಸ್ಸಿನಲ್ಲೇ ಮಿದುಳಿನ ರಕ್ತಸ್ರಾವ ಆದವರು ಸಿಗುತ್ತಾರೆ. ಅದೇ ಸುಳಿವು.

◆ ಜ್ಯೇಷ್ಠಮಧು ಗೊತ್ತಲ್ಲ? ಕೆಮ್ಮಿಗೆ, ಗಂಟಲು ಕೆರೆತಕ್ಕೆ ಅಜ್ಜಿ ಡಬ್ಬಿಯಿಂದ ತೆಗೆದು ಕೊಡುತ್ತಿದ್ದ, ಅಗಿದರೆ ಹಳದಿ ನಾರು ಬಿಟ್ಟುಕೊಂಡು ಸಿಹಿಯೂರುವ ಬೇರಿನ ತುಂಡು. ಅದಕ್ಕೂ ಮಕ್ಕಳ ವಂಶಪಾರಂಪರ್ಯ ಬಿಪಿಗೂ ಒಂದು ಬೆರಗಿನ ನಂಟು. ರಕ್ತದಲ್ಲಿ ಕಾರ್ಟಿಸೋಲ್ ಉಪ್ಪಿನ ಹಾರ್ಮೋನಿಗಿಂತ ನೂರಾರು ಪಟ್ಟು ಹೆಚ್ಚಿದೆ, ಆ ಹಾರ್ಮೋನ್ ತೆರೆಯುವ ಉಪ್ಪಿನ ಬೀಗಕ್ಕೆ ಕಾರ್ಟಿಸೋಲ್‌ನ ಕೀಲಿಯೂ ಕೂರುತ್ತದೆ. ಅದು ಬೀಗ ತೆರೆಯದಂತೆ ಮೂತ್ರಪಿಂಡದಲ್ಲಿ ಒಂದು ಕಿಣ್ವ ಕಾವಲು ನಿಂತಿರುತ್ತದೆ. ತಂದೆತಾಯಿ ಇಬ್ಬರಿಂದಲೂ ಆ ಕಿಣ್ವದ ಕೆಟ್ಟ ಪ್ರತಿ ಬಂದ ಮಗುವಿಗೆ ಕಾವಲುಗಾರನೇ ಇಲ್ಲ. 1977ರಲ್ಲಿ ನ್ಯೂಯಾರ್ಕಿನ ಮರಿಯಾ ನ್ಯೂ ವಿವರಿಸಿದ ಇಂಥ ಮಗು ಅಮೆರಿಕದ ಮೂಲನಿವಾಸಿ ಜೂನಿ ಬುಡಕಟ್ಟಿನ ಮೂರು ವರ್ಷದ ಹೆಣ್ಣುಮಗು. ಜ್ಯೇಷ್ಠಮಧುವಿನ ಸತ್ವ ಮಾಡುವುದೂ ಇದನ್ನೇ, ಅದು ಕಾವಲುಗಾರನನ್ನು ಮಲಗಿಸುತ್ತದೆ. ಒಂದು ಚೂರು ಚೀಪಿದರೆ ಏನಾಗದು. ವಾರಗಟ್ಟಲೆ ದಿನವೂ ಕಷಾಯ ಕುಡಿಸಿದರೆ, ವಂಶವಾಹಿ ಸರಿಯಿದ್ದವರಿಗೂ ಅದೇ ಕಾಯಿಲೆ ತಾತ್ಕಾಲಿಕವಾಗಿ ಬರಬಹುದು. 'ಗಿಡಮೂಲಿಕೆ ತಾನೇ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

◆ ಮೇಲಿನ ಕಾಯಿಲೆಗೆ ಎರಡು ಕೆಟ್ಟ ಪ್ರತಿ ಬೇಕು ಎಂದೆ. ಒಂದೇ ಪೂರ್ವಜರ ಒಂದೇ ದೋಷ ಗಂಡ-ಹೆಂಡತಿ ಇಬ್ಬರಲ್ಲೂ ಇರುವ ಸಾಧ್ಯತೆ ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದೊಳಗೇ ಆದ ಮದುವೆಗಳಲ್ಲಿ ಹೆಚ್ಚು. ನಮ್ಮಲ್ಲಿ ಆ ರೂಢಿ ಇನ್ನೂ ಇದೆ. ಮಗುವಿಗೆ ಬಿಪಿ ಎಂದಾಗ ವೈದ್ಯರು "ಸಂಬಂಧದಲ್ಲೇ ಮದುವೆನಾ?" ಎಂದು ಕೇಳಿದರೆ ಸಿಟ್ಟು ಮಾಡಿಕೊಳ್ಳಬೇಡಿ.

◆ ಮದ್ದೇ ಮುಳುವಾಗುವ ಬಿಪಿಯೂ ಇದೆ. 2000ದಲ್ಲಿ ವರದಿಯಾದ ಒಂದು ಮನೆತನದಲ್ಲಿ ಹದಿನೈದರ ಹುಡುಗನಿಗೆ ವಿಪರೀತ ಬಿಪಿ. ಅವರ ಉಪ್ಪಿನ ಬೀಗದ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. ಅದನ್ನು ಮುಚ್ಚಬೇಕಾದ ಸ್ಪೈರೊನೋಲ್ಯಾಕ್ಟೋನ್ ಮಾತ್ರೆ ಅವರಲ್ಲಿ ತೆರೆಯುತ್ತದೆ. ಗರ್ಭಿಣಿಯರ ಪ್ರೊಜೆಸ್ಟೆರೋನ್ ಕೂಡ ತೆರೆಯುತ್ತದೆ, ಹಾಗಾಗಿ ಆ ಮನೆಯ ಹೆಣ್ಣುಮಕ್ಕಳಿಗೆ ಬಸಿರಿನಲ್ಲಿ ಬಿಪಿ ನೆತ್ತಿಗೇರುತ್ತದೆ.

◆ ಎಲ್ಲಾ ವಂಶವಾಹಿ ದೋಷಗಳೂ ಬಿಪಿ ಏರಿಸುವುದಿಲ್ಲ. ನಲ್ಲಿ ಸರಿಯಾಗಿ ಎಳೆದುಕೊಳ್ಳದೆ ಉಪ್ಪು ಸೋರಿಹೋಗುವ ಗಿಟೆಲ್‌ಮನ್ ಎಂಬ ಕಾಯಿಲೆಯ ಹದಿಹರೆಯದವರು ಸುಸ್ತು, ಸ್ನಾಯು ಸೆಳೆತ ಎನ್ನುತ್ತಾರೆ, ಉಪ್ಪಿಗೆ ಹಾತೊರೆಯುತ್ತಾರೆ. ಇವರಿಗೆ ಎರಡು ಕೆಟ್ಟ ಪ್ರತಿ. ಒಂದೇ ಪ್ರತಿ ಇರುವವರು? 2008ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನದಲ್ಲಿ ಹುಡುಕಿದಾಗ, ಇಂಥವರ ಬಿಪಿ ಉಳಿದವರಿಗಿಂತ ಕಡಿಮೆ ಇತ್ತು. ಅರ್ಧ ದೋಷ ವರವಾಗಿತ್ತು!

◆ ಮೂತ್ರಪಿಂಡದ್ದೇ ಎಂದು ನಾನು ಹಟ ಹಿಡಿದಿದ್ದಕ್ಕೆ ಒಂದು ಅಪವಾದ ಹೇಳಿಬಿಡುತ್ತೇನೆ. ಟರ್ಕಿಯ ಕಪ್ಪು ಸಮುದ್ರದ ಕಡೆಯ ಒಂದು ಮನೆತನದಲ್ಲಿ ಬಿಪಿ ಯಾರಿಗಿದೆ ಎಂದು ಬೆರಳು ನೋಡಿಯೇ ಹೇಳಬಹುದು. ಮೊಟಕು ಬೆರಳು, ಮನೆಯ ಉಳಿದವರಿಗಿಂತ ಕುಳ್ಳು, ಬಾಲ್ಯದಿಂದಲೇ ಬಿಪಿ. ಮದ್ದಿಲ್ಲದಿದ್ದರೆ ಐವತ್ತರೊಳಗೆ ಪಾರ್ಶ್ವವಾಯು. 1973ರಲ್ಲಿ ವರದಿಯಾದ ಇದರ ವಂಶವಾಹಿ ಸಿಕ್ಕಿದ್ದು 2015ರಲ್ಲಿ. ಇಲ್ಲಿ ಉಪ್ಪಿನದು ತಪ್ಪಿಲ್ಲ, ರಕ್ತನಾಳದ ಗೋಡೆಯೇ ದಪ್ಪಗಾಗಿ ಬಿಗಿಯುತ್ತದೆ.

◆ ಚರ್ಮವೂ ಚಾಡಿ ಹೇಳುತ್ತದೆ. ಮಗುವಿನ ಮೈಮೇಲೆ ಹಾಲು ಹೆಚ್ಚಾದ ಕಾಫಿಯ ಬಣ್ಣದ, ಅರ್ಧ ಸೆಂ.ಮೀ.ಗಿಂತ ದೊಡ್ಡ ಮಚ್ಚೆಗಳು ಆರೋ ಅದಕ್ಕಿಂತ ಹೆಚ್ಚೋ ಇದ್ದರೆ ನ್ಯೂರೋಫೈಬ್ರೊಮಟೋಸಿಸ್ ಎಂಬ ವಂಶವಾಹಿ ಕಾಯಿಲೆ ಇರಬಹುದು. ಅದರಲ್ಲಿ ಮೂತ್ರಪಿಂಡಕ್ಕೆ ಹೋಗುವ ಅಪಧಮನಿ ಕಿರಿದಾಗಿ ಬಿಪಿ ಏರುವುದುಂಟು. ಒಂದೆರಡು ಮಚ್ಚೆ ಎಷ್ಟೋ ಮಕ್ಕಳಿಗಿರುತ್ತದೆ, ಗಾಬರಿ ಬೇಡ.

◆ ಕೈಯಲ್ಲಿ ಬಿಪಿ ಹೆಚ್ಚು, ಕಾಲಿನಲ್ಲಿ ಕಡಿಮೆ? ಮಹಾಪಧಮನಿ ಒಂದೆಡೆ ಕಿರಿದಾಗಿರಬಹುದು. ಒಂದೇ ಎಕ್ಸ್ ವರ್ಣತಂತುವಿನ ಟರ್ನರ್ ಹುಡುಗಿಯರಲ್ಲಿ ಇದು ಹೆಚ್ಚು.

◆ ಇನ್ನು ಪಿಕರಿಂಗ್ ಹೇಳಿದ ಸಾಮಾನ್ಯ ಬಿಪಿ. ಹತ್ತು ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಜಾಲಾಡಿ, 2024ರ ಹೊತ್ತಿಗೆ 2,100ಕ್ಕೂ ಹೆಚ್ಚು ಗುರುತುಗಳನ್ನು ಪಟ್ಟಿ ಮಾಡಿದ್ದಾರೆ. ಪಿಕರಿಂಗ್ ಕೂಡ ಇಷ್ಟು ಊಹಿಸಿರಲಾರರು. ಬಹುತೇಕ ಗುರುತುಗಳ ಒಂದೊಂದರ ಪಾಲು ಒಂದು ಮಿಲಿಮೀಟರಿಗಿಂತ ಕಡಿಮೆ, ಹನಿ ಹನಿ ಕೂಡಿದ ಹಳ್ಳ. ಪರೀಕ್ಷೆಗೆ ರಕ್ತ ಕೊಟ್ಟವರಲ್ಲಿ ಹೆಚ್ಚಿನವರು ಯೂರೋಪ್ ಮೂಲದವರು. ಹಾಗಾಗಿ "ನಿಮ್ಮ ಮಗುವಿನ ಬಿಪಿ ಜಾತಕ, ಎಂಜಲು ಕಳಿಸಿ ಸಾಕು" ಎನ್ನುವ ಜಾಹೀರಾತು ಕಂಡರೆ ಆ ದುಡ್ಡಿನಲ್ಲಿ ಮನೆಗೆ ಒಂದು ಬಿಪಿ ಯಂತ್ರ ತನ್ನಿ.

◆ ಈ ಕಥೆಯಲ್ಲಿ ಮೈಸೂರಿಗೂ ಒಂದು ಪಾತ್ರವಿದೆ. ಊರವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದಲೇ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟಿತ್ತು. ಕಡಿಮೆ ತೂಕದ ಕೂಸಿಗೆ ಮುಂದೆ ಹೃದ್ರೋಗ, ಬಿಪಿ ಹೆಚ್ಚು ಎಂದು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ವಾದಿಸುತ್ತಿದ್ದ ಕಾಲ. ಆ ಹಳೇ ಕಡತ ಹಿಡಿದು, ದೊಡ್ಡವರಾಗಿದ್ದ 517 ಜನರನ್ನು ಮೈಸೂರಿನಲ್ಲಿ ಹುಡುಕಿ ತೆಗೆದರು. ಸಣ್ಣಗೆ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಪ್ರಕಟವಾಯಿತು. ಆದರೆ ಬಿಪಿಯ ವಿಷಯಕ್ಕೆ ಬಂದರೆ ಮೈಸೂರು ಬಾರ್ಕರ್ ಮಾತು ಕೇಳಲಿಲ್ಲ. ಸಣ್ಣಗೆ ಹುಟ್ಟುವುದಕ್ಕೂ ಬಿಪಿಗೂ ಇಲ್ಲಿ ಸಂಬಂಧ ಕಾಣುತ್ತಿಲ್ಲ ಎಂದು 2000ದಲ್ಲಿ ವರದಿಯಾಯಿತು. 2019ರಲ್ಲಿ ವಂಶವಾಹಿಗಳ ದೊಡ್ಡ ಅಧ್ಯಯನವೊಂದು ಬೇರೆಡೆ ಕಂಡಿದ್ದ ಆ ನಂಟಿನ ಗಂಟು ಬಿಚ್ಚಿತು. ತಾಯಿಯ ಬಿಪಿ ಏರಿಸುವ ವಂಶವಾಹಿಗಳು ಬಸಿರಿನಲ್ಲಿ ಕೂಸನ್ನು ಸಣ್ಣದಾಗಿಸುತ್ತವೆ. ಅವೇ ವಂಶವಾಹಿಗಳಲ್ಲಿ ಅರ್ಧ ಕೂಸಿಗೂ ಬಂದು ಮುಂದೆ ಅದರ ಬಿಪಿ ಏರಿಸುತ್ತವೆ. ಸಣ್ಣ ಕೂಸು ಕಾರಣವಲ್ಲ, ಬರೀ ಸಾಕ್ಷಿ.

◆ ಮೂತ್ರಪಿಂಡದ ಸೋಸುಕಗಳು ತಾಯಿಯ ಹೊಟ್ಟೆಯಲ್ಲಿ ಸುಮಾರು 36 ವಾರಕ್ಕೆ ಪೂರ್ತಿಯಾಗುತ್ತವೆ. ಆಮೇಲೆ ಹೊಸತು ಒಂದೂ ಹುಟ್ಟುವುದಿಲ್ಲ. ಜರ್ಮನಿಯಲ್ಲಿ ಅಪಘಾತದಲ್ಲಿ ಸತ್ತವರ ಮೂತ್ರಪಿಂಡಗಳ ಸೋಸುಕಗಳನ್ನು ಎಣಿಸಿ 2003ರಲ್ಲಿ ಪ್ರಕಟಿಸಿದ ಲೆಕ್ಕ: ಬಿಪಿ ಇಲ್ಲದವರಲ್ಲಿ ಒಂದೊಂದು ಪಿಂಡಕ್ಕೆ ಸುಮಾರು 14 ಲಕ್ಷ, ಬಿಪಿ ಇದ್ದವರಲ್ಲಿ ಸುಮಾರು 7 ಲಕ್ಷ. ಅವಧಿಗೆ ಮೊದಲೇ ಹುಟ್ಟಿದ ಮಗುವಿನ ಬಿಪಿ ಮೇಲೆ ವೈದ್ಯರು ಕಣ್ಣಿಡುವುದು ಇದಕ್ಕೇ.

◆ ಅಮೆಜಾನ್ ಕಾಡಿನ ಯಾನೊಮಾಮಿ ಜನ ಹೊರಗಿನ ಉಪ್ಪನ್ನೇ ಬಳಸುವುದಿಲ್ಲ ಎನ್ನಬಹುದು. 32 ದೇಶಗಳ ಹತ್ತು ಸಾವಿರ ಜನರನ್ನು ಅಳೆದು 1988ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಸರಾಸರಿ 95/61ರ ಆಸುಪಾಸು, ವಯಸ್ಸಾದರೂ ಅದು ಏರುವುದಿಲ್ಲ. ನಲ್ಲಿ ಎಷ್ಟೇ ಸಡಿಲವಿರಲಿ, ಎಳೆದುಕೊಳ್ಳಲು ಉಪ್ಪು ಬೇಕಲ್ಲ! ಚಿಕ್ಕಪ್ಪನ ಎಲೆಯ ಉಪ್ಪಿನಕಾಯಿ ನೆನಪಿಸಿಕೊಳ್ಳಿ.

◆ ಮೂರು ವರ್ಷ ತುಂಬಿದ ಪ್ರತಿ ಮಗುವಿಗೂ ವರ್ಷಕ್ಕೊಮ್ಮೆ ಬಿಪಿ ನೋಡಬೇಕೆಂದು ನಮ್ಮ ದೇಶದ ಮಕ್ಕಳ ವೈದ್ಯರ ಮಾರ್ಗಸೂಚಿ 2007ರಲ್ಲೇ ಹೇಳಿದೆ. ನಿಮ್ಮ ಮಗುವಿಗೆ ಕೊನೆಯ ಸಲ ನೋಡಿದ್ದು ಯಾವಾಗ? ಮುಂದಿನ ಸಲ ಜ್ವರಕ್ಕೋ ಲಸಿಕೆಗೋ ಹೋದಾಗ ಕೇಳಿ ನೋಡಿಸಿ. ಮನೆಯಲ್ಲಿ ಐವತ್ತರೊಳಗೆ ಪಾರ್ಶ್ವವಾಯು ಹೊಡೆದವರು, ಮೂವತ್ತರೊಳಗೆ ಬಿಪಿ ಮಾತ್ರೆ ಹಿಡಿದವರು ಯಾರಾದರೂ ಇದ್ದರೆ ಅವರ ಹೆಸರು, ಆಗಿನ ವಯಸ್ಸು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮತ್ತೆ, ತೋಳಿಗೆ ಪಟ್ಟಿ ಸುತ್ತುವ ಮೊದಲು ಸಂಕೋಚ ಬಿಟ್ಟು ಕೇಳಿ: "ಈ ಪಟ್ಟಿ ಇವನ ಕೈ ಅಳತೆಯದೇನಾ?"